ಗಿಡ, ಮೀನು, ಅಣಬೆಯ ವೈಜ್ಞಾನಿಕ ಹೆಸರು ಹುಡುಕುವುದು ಹೇಗೆ? ಹಂತ ಹಂತವಾಗಿ

ಒಂದು ಫೋಟೊ, ಅದರ ಕೆಳಗೆ ಒಂದೇ ಸಾಲು: “ಇದರ ವೈಜ್ಞಾನಿಕ ಹೆಸರು ಹೇಳಿ.” ಓದುಗರಿಂದ ಬರುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ. ಕೇಳುವವರಲ್ಲಿ ಪ್ರಾಜೆಕ್ಟ್ ಮಾಡುವ ಕಾಲೇಜು ಮಕ್ಕಳಿದ್ದಾರೆ, ಶಾಲೆಯ ಮರಗಳಿಗೆ ಬೋರ್ಡ್ ಹಾಕಲು ಹೊರಟ ಟೀಚರುಗಳಿದ್ದಾರೆ. ಗ್ರಾಮ ಪಂಚಾಯತಿಯ ಜೀವವೈವಿಧ್ಯ ದಾಖಲಾತಿ ಬರೆಯುವವರೂ ಇದ್ದಾರೆ. ಮಂಗಳೂರು, ಉಡುಪಿ ಸುತ್ತಮುತ್ತ ಕಾಣುವ ಜೀವಿಗಳನ್ನೇ ಉದಾಹರಣೆಗೆ ಇಟ್ಟುಕೊಂಡು, ಹೆಸರನ್ನು ನೀವೇ ಹುಡುಕುವ ದಾರಿಯನ್ನು ಇಲ್ಲಿ ಬರೆದಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹೆಸರು ಕೊನೆಗೆ ಬರಬೇಕು. ಮೊದಲು ಅದು ಯಾವ ಗುಂಪಿನದು ಎಂದು ಗೊತ್ತಾಗಬೇಕು. ಗುಂಪು ಗೊತ್ತಿಲ್ಲದೆ ಹೆಸರಿಗೆ ಕೈ ಹಾಕಿದರೆ ತಪ್ಪುವುದೇ ಹೆಚ್ಚು. ತಪ್ಪಾದ ಪೂರ್ತಿ ಹೆಸರಿಗಿಂತ ಸರಿಯಾದ ಅರ್ಧ ಹೆಸರು ಎಷ್ಟೋ ಮೇಲು.

ಇದು ಬರೀ ಪುಸ್ತಕದ ವಿಷಯ ಅಲ್ಲ. ತುಳು ತಿಂಗಳಾದ ಆಟಿಯ ಅಮಾವಾಸ್ಯೆಗೆ ನಮ್ಮಲ್ಲಿ ಪಾಲೆ ಮರದ, ಅಂದರೆ ಹಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ ಕುಡಿಯುತ್ತಾರೆ. ಕೆತ್ತೆ ತರುವುದು ಸೂರ್ಯ ಹುಟ್ಟುವ ಮೊದಲು, ಕತ್ತಲಲ್ಲಿ. ಹಾಲೆ ಎಂದುಕೊಂಡು ಕಾಸರಕನ ಕೆತ್ತೆ ತಂದರೆ ಜೀವಕ್ಕೇ ಅಪಾಯ. ಕಾಸರಕದಲ್ಲಿ ಇರುವುದು ಸ್ಟ್ರಿಕ್ನಿನ್ ಎಂಬ ವಿಷ. ಹಾಗಾಗಿ ಈ ಎರಡು ಮರಗಳನ್ನೇ ಲೇಖನದ ಉದ್ದಕ್ಕೂ ಜೊತೆಗಿಟ್ಟುಕೊಳ್ಳೋಣ.

ಏನೇನು ಬೇಕು?

ಫೋನಿನ ಕ್ಯಾಮೆರಾ, ಒಂದು ನೋಟ್‌ಬುಕ್, ಚಿಕ್ಕ ಸ್ಕೇಲು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈ ಮಸೂರ. ಇಷ್ಟೇ. ಮಸೂರವನ್ನು ಕಣ್ಣಿಗೆ ಒತ್ತಿ ಹಿಡಿದು, ಹೂವನ್ನೇ ಮಸೂರದ ಹತ್ತಿರ ತನ್ನಿ. ದೂರದಲ್ಲಿ ಹಿಡಿದು ನೋಡಿದರೆ ಏನೂ ಕಾಣುವುದಿಲ್ಲ.

ಮೊದಲು ಏಣಿಯನ್ನು ತಿಳಿದುಕೊಳ್ಳಿ

ವಿಜ್ಞಾನಿಗಳು ಜೀವಿಗಳನ್ನು ಗುಂಪಿನೊಳಗೆ ಗುಂಪು ಮಾಡುತ್ತಾ ಹೋಗುತ್ತಾರೆ. ದೊಡ್ಡದರಿಂದ ಚಿಕ್ಕದಕ್ಕೆ ಮುಖ್ಯ ಮೆಟ್ಟಿಲುಗಳು ಏಳು: ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಕುಲ, ಪ್ರಭೇದ. ಕೆಲವು ಪಠ್ಯಪುಸ್ತಕಗಳಲ್ಲಿ ಕುಲಕ್ಕೆ ಜಾತಿ ಎಂದೂ ಬರೆಯುತ್ತಾರೆ, ಗೊಂದಲ ಬೇಡ. ಪ್ರಭೇದ ಎಂದರೆ, ಸರಳವಾಗಿ ಹೇಳುವುದಾದರೆ, ತಮ್ಮತಮ್ಮಲ್ಲೇ ಕೂಡಿ ಸಂತಾನ ಮುಂದುವರಿಸುವ ಒಂದೇ ಬಗೆಯ ಜೀವಿಗಳು. ಈ ವಿವರಣೆ ಎಲ್ಲ ಕಡೆ ಚೊಕ್ಕವಾಗಿ ಕೂರುವುದಿಲ್ಲ. ಆದರೆ ನಮ್ಮ ಕೆಲಸಕ್ಕೆ ಸಾಕು.

ಕುಲ ಎಂದರೇನು ಎಂದು ತಿಳಿಯಲು ಮನೆಯ ಹಿತ್ತಿಲೇ ಸಾಕು. ಹಲಸು, ಜೀಗುಜ್ಜೆ, ಹೆಬ್ಬಲಸು ಮೂರೂ ಆರ್ಟೊಕಾರ್ಪಸ್ ಎಂಬ ಒಂದೇ ಕುಲ. ಮೂರಕ್ಕೂ ಅಂಟು ಹಾಲು, ಮೂರರ ಕಾಯಿಯೂ ಎಷ್ಟೋ ಹೂವುಗಳು ಒಂದಕ್ಕೊಂದು ಬೆಸೆದು ಆದದ್ದು. ಹಲಸು ಆರ್ಟೊಕಾರ್ಪಸ್ ಹೆಟೆರೊಫಿಲ್ಲಸ್, ಜೀಗುಜ್ಜೆ ಆರ್ಟೊಕಾರ್ಪಸ್ ಆಲ್ಟಿಲಿಸ್, ಹೆಬ್ಬಲಸು ಆರ್ಟೊಕಾರ್ಪಸ್ ಹಿರ್ಸುಟಸ್. ಒಂದು ಮೆಟ್ಟಿಲು ಮೇಲೆ ಹತ್ತಿದರೆ ಅದೇ ಕುಟುಂಬದಲ್ಲಿ ಆಲ, ಅರಳಿ, ಅತ್ತಿ ಸಿಗುತ್ತವೆ.

ಈಗ ಹಾಲೆ ಮತ್ತು ಕಾಸರಕ. ಗಣದ ಮೆಟ್ಟಿಲಿನವರೆಗೂ ಇವೆರಡೂ ಜೊತೆಗೇ ಇವೆ, ಗಣ ಜೆನ್ಶಿಯನೇಲ್ಸ್. ಕುಟುಂಬಕ್ಕೆ ಬಂದಾಗ ದಾರಿ ಬೇರೆಯಾಗುತ್ತದೆ. ಹಾಲೆ ಹೋಗುವುದು ಅಪೊಸೈನೇಸಿ ಕುಟುಂಬಕ್ಕೆ. ಕಣಗಿಲೆ, ನಂದಿಬಟ್ಟಲು, ನಿತ್ಯಪುಷ್ಪ ಎಲ್ಲ ಅದರವೇ. ಕಾಸರಕ ಹೋಗುವುದು ಲೊಗಾನಿಯೇಸಿಗೆ. ಹಾಗಾಗಿ ಈ ಎರಡು ಮರಗಳ ವಿಷಯದಲ್ಲಿ ಪ್ರಭೇದದವರೆಗೆ ಹೋಗುವುದೇ ಬೇಡ, ಕುಟುಂಬ ಗುರುತಿಸಿದರೆ ಅಪಾಯದ ಮರ ಬೇರೆಯಾಗುತ್ತದೆ.

ಒಂದು ಸುಲಭದ ಗುರುತು ನೆನಪಿಡಿ. ಗಿಡಗಳ ಕುಟುಂಬದ ಹೆಸರು ಇಂಗ್ಲಿಷಿನಲ್ಲಿ ಎ, ಸಿ, ಇ, ಎ, ಇ ಎಂಬ ಅಕ್ಷರಗಳಿಂದ ಮುಗಿಯುತ್ತದೆ. ಪ್ರಾಣಿಗಳದ್ದು ಐ, ಡಿ, ಎ, ಇ ಎಂದು ಮುಗಿಯುತ್ತದೆ. ಗೊತ್ತಿಲ್ಲದ ಹೆಸರು ಕಂಡಾಗ ಅದು ಕುಟುಂಬದ್ದೋ ಕುಲದ್ದೋ ಎಂದು ಇದರಿಂದ ಥಟ್ಟನೆ ತಿಳಿಯುತ್ತದೆ.

ಅಣಬೆ ಗಿಡ ಅಲ್ಲ. ಅದರದ್ದು ಬೇರೆಯೇ ಸಾಮ್ರಾಜ್ಯ. ಪ್ರಾಜೆಕ್ಟ್ ವರದಿಗಳಲ್ಲಿ ಅಣಬೆಯನ್ನು ಸಸ್ಯಗಳ ಪಟ್ಟಿಗೆ ಸೇರಿಸುವುದನ್ನು ಈಗಲೂ ನೋಡುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ.

ಹಂತ 1: ಊರ ಹೆಸರು ಬರೆದುಕೊಳ್ಳಿ, ಅದರ ಮೇಲೆ ಪೂರ್ತಿ ಭಾರ ಹಾಕಬೇಡಿ

ಸ್ಥಳೀಯ ಹೆಸರು ಅಮೂಲ್ಯ. ಅದನ್ನು ಯಾರು, ಯಾವ ಭಾಷೆಯಲ್ಲಿ, ಯಾವ ಊರಿನಲ್ಲಿ ಹೇಳಿದರು ಎಂದು ಸೇರಿಸಿ ಬರೆಯಿರಿ. ಮಂಗಳೂರಿನಲ್ಲಿ ಬೂತಾಯಿ ಎನ್ನುವ ಮೀನು ಕುಂದಾಪುರದ ಕಡೆ ಬೈಗೆ, ಕೊಂಕಣಿಯಲ್ಲಿ ತಾರ್ಲೆ, ಕಾಸರಗೋಡು ದಾಟಿದರೆ ಮತ್ತಿ. ಮೀನು ಒಂದೇ, ಸಾರ್ಡಿನೆಲ್ಲಾ ಲಾಂಗಿಸೆಪ್ಸ್.

ಒಂದೇ ಮೀನಿಗೆ ನಾಲ್ಕು ಹೆಸರಿದ್ದರೆ ತೊಂದರೆ ಕಮ್ಮಿ. ಒಂದೇ ಹೆಸರಿಗೆ ಎರಡು ಜೀವಿ ಇದ್ದಾಗಲೇ ಎಡವಟ್ಟು. ಹೊನ್ನೆ ಎಂದರೆ ಯಾವುದು? ನಾಟಾಕ್ಕೆ ಹೆಸರಾದ ಹೊನ್ನೆ ಟೆರೊಕಾರ್ಪಸ್ ಮಾರ್ಸುಪಿಯಮ್. ದೀಪದ ಎಣ್ಣೆಗೆ ಬೀಜ ಕೊಡುವ, ಕಡಲ ಬದಿಯ ಸುರಹೊನ್ನೆ ಕ್ಯಾಲೊಫಿಲ್ಲಮ್ ಇನೊಫಿಲ್ಲಮ್. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ.

ಬ್ರಾಹ್ಮಿಯ ಕಥೆ ಇನ್ನೂ ಜಾಸ್ತಿ ಗೊಂದಲದ್ದು. ಚಟ್ನಿ, ತಂಬುಳಿಗೆ ಹಾಕುವ ತಿಮರೆಯನ್ನು, ಅಂದರೆ ಒಂದೆಲಗವನ್ನು, ಹಲವರು ಬ್ರಾಹ್ಮಿ ಎನ್ನುತ್ತಾರೆ. ನೀರು ಬ್ರಾಹ್ಮಿಯನ್ನೂ ಬ್ರಾಹ್ಮಿ ಎಂದೇ ಮಾರುತ್ತಾರೆ. ಎರಡನ್ನೂ ಅಂಗೈಯಲ್ಲಿಟ್ಟು ನೋಡಿ. ತಿಮರೆಯ ಎಲೆ ದುಂಡಗೆ, ಮೂತ್ರಪಿಂಡದ ಆಕಾರ, ಅಂಚಿನಲ್ಲಿ ಮೊಂಡು ಹಲ್ಲು. ಉದ್ದ ತೊಟ್ಟು. ಬಳ್ಳಿ ಗಂಟು ಗಂಟಿಗೆ ಬೇರು ಬಿಟ್ಟು ಹರಡುತ್ತದೆ. ನೀರು ಬ್ರಾಹ್ಮಿಯ ಎಲೆ ಚಿಕ್ಕದು, ದಪ್ಪ, ತುದಿ ಅಗಲ, ತೊಟ್ಟೇ ಇಲ್ಲ ಎನ್ನಬಹುದು. ಎರಡೆರಡು ಎಲೆ ಎದುರುಬದುರು. ತಿಮರೆ ಸೆಂಟೆಲ್ಲಾ ಏಷಿಯಾಟಿಕಾ, ಕೊತ್ತಂಬರಿ, ಜೀರಿಗೆಯ ಕುಟುಂಬ. ನೀರು ಬ್ರಾಹ್ಮಿ ಬಕೊಪಾ ಮೊನ್ನಿಯೇರಿ, ಅದರ ಕುಟುಂಬವೇ ಬೇರೆ. ಔಷಧಿಗೆಂದು ಗಿಡ ಕೊಳ್ಳುವಾಗ ನರ್ಸರಿಯವರ ಹತ್ತಿರ ಬ್ರಾಹ್ಮಿ ಎಂದಷ್ಟೇ ಕೇಳಬೇಡಿ. ವೈಜ್ಞಾನಿಕ ಹೆಸರು ಹೇಳಿ ಕೇಳಿ, ಎಲೆ ನೋಡಿ ತನ್ನಿ.

ಹಂತ 2: ಸರಿಯಾದ ಫೋಟೊ, ಸರಿಯಾದ ಟಿಪ್ಪಣಿ

ಚಂದದ ಹೂವಿನ ಒಂದು ಫೋಟೊ ಹೆಸರು ಹುಡುಕಲು ಸಾಲದು. ಗಿಡವಾದರೆ ಇವಿಷ್ಟು ಬೇಕು: ಪೂರ್ತಿ ಗಿಡ, ಕಾಂಡಕ್ಕೆ ಎಲೆ ಜೋಡಿಸಿಕೊಂಡ ಬಗೆ, ಎಲೆಯ ಮೇಲ್ಭಾಗ ಮತ್ತು ಕೆಳಭಾಗ, ಹೂವನ್ನು ಎದುರಿನಿಂದ ಮತ್ತು ಪಕ್ಕದಿಂದ, ಕಾಯಿ ಇದ್ದರೆ ಕಾಯಿ, ಮರವಾದರೆ ತೊಗಟೆ. ಪಕ್ಕದಲ್ಲಿ ಸ್ಕೇಲು ಇಡಿ. ಎಲೆ ಮುರಿದಾಗ ಹಾಲು ಬಂತೇ? ತಿಕ್ಕಿದಾಗ ವಾಸನೆ ಹೇಗಿತ್ತು? ಇದು ಫೋಟೊದಲ್ಲಿ ಬರುವುದಿಲ್ಲ, ಬರೆದೇ ಇಡಬೇಕು. ಮುಟ್ಟಿದ ಮೇಲೆ ಕೈ ತೊಳೆಯಿರಿ, ಕಣ್ಣಿಗೆ ಹಾಲು ತಾಗಿಸಬೇಡಿ.

ಜಾಗ ಮತ್ತು ತಾರೀಕು ಇಲ್ಲದ ಫೋಟೊಗೆ ಬೆಲೆ ಇಲ್ಲ. “ಉಡುಪಿ” ಎಂದರೆ ಸಾಲದು. ಗದ್ದೆಯ ಹುಣಿಯೋ, ಕಾಂಡ್ಲಾ ಕಾಡೋ, ಮಲ್ಪೆಯ ಮರಳೋ, ಮಣಿಪಾಲದ ಮುರಕಲ್ಲು ಬಯಲೋ ಎಂದು ಬರೆಯಿರಿ. ಮಳೆಗಾಲದ ಮುರಕಲ್ಲಿನ ಮೇಲೆ ಕಾಣುವ ಚಿಕ್ಕ ಗಿಡಗಳಲ್ಲಿ ಬೇರೆ ಕಡೆ ಸಿಗದವೂ ಇವೆ. ಜಾಗದ ವಿವರ ಇದ್ದರೆ ತಜ್ಞರಿಗೆ ಅರ್ಧ ಕೆಲಸ ಮುಗಿದಂತೆ.

ಮೀನಾದರೆ ಇಡೀ ಮೀನನ್ನು ಪಕ್ಕಕ್ಕೆ ಮಲಗಿಸಿ, ತಲೆ ಎಡಕ್ಕೆ ಬರುವಂತೆ ಇಟ್ಟು, ರೆಕ್ಕೆ ಬಿಡಿಸಿ ತೆಗೆಯಿರಿ. ತಲೆ ಎಡಕ್ಕೆ ಇಡುವುದು ಮೀನು ವಿಜ್ಞಾನದಲ್ಲಿ ರೂಢಿ, ಚಿತ್ರಗಳೊಂದಿಗೆ ಹೋಲಿಸಲು ಸುಲಭ.

ಎರಡು ಎಚ್ಚರಿಕೆ. ಹಾವಿನ ಹತ್ತಿರದ ಫೋಟೊಗಾಗಿ ಹೋಗಬೇಡಿ, ದೂರದಿಂದ ಸಿಕ್ಕಿದಷ್ಟು ಸಾಕು. ಇನ್ನೊಂದು, ಕಂಡದ್ದನ್ನೆಲ್ಲ ಮನೆಗೆ ತರಬೇಡಿ. ಕಡಲಕುದುರೆ, ಹವಳ, ಕೆಲವು ಬಗೆಯ ಚಿಪ್ಪುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಪ್ರಾಜೆಕ್ಟಿಗೆ ಎಂದರೂ ಅನುಮತಿ ಇಲ್ಲದೆ ತರುವಂತಿಲ್ಲ.

ಹಂತ 3: ಕುಟುಂಬ ಹಿಡಿಯಿರಿ

ಇಲ್ಲಿ ನಿಧಾನ ಮಾಡಿ. ಇಡೀ ಕೆಲಸದಲ್ಲಿ ಜಾಸ್ತಿ ಸಮಯ ಕೊಡಬೇಕಾದ ಹಂತ ಇದು.

ಹಾಲೆ ಮರದಿಂದಲೇ ಶುರು ಮಾಡೋಣ. ಹಗಲಲ್ಲಿ ಹೋಗಿ ಒಂದು ಗೆಲ್ಲು ನೋಡಿ. ಗಂಟಿನ ಸುತ್ತ ಒಂದೇ ಜಾಗದಿಂದ ನಾಲ್ಕರಿಂದ ಏಳೆಂಟು ಎಲೆ ಚಕ್ರದ ಹಾಗೆ ಹೊರಟಿರುತ್ತವೆ. ಸಪ್ತಪರ್ಣಿ ಎಂಬ ಹೆಸರು ಬಂದದ್ದೂ ಅದರಿಂದಲೇ. ನಡುನರದಿಂದ ಅಂಚಿನ ಕಡೆಗೆ ಸಣ್ಣ ನರಗಳು ಒತ್ತೊತ್ತಾಗಿ, ಸಮಾನಾಂತರವಾಗಿ ಓಡುತ್ತವೆ. ಎಲೆ ಕಿತ್ತರೆ ಬಿಳಿ ಹಾಲು. ಕಾಯಿ ಜೋಡಿ ಜೋಡಿಯಾಗಿ, ದಾರದ ಹಾಗೆ ಸಪೂರ ಉದ್ದ ನೇತಾಡುತ್ತವೆ.

ಈಗ ಕಾಸರಕ. ಎಲೆ ಎರಡೆರಡು ಮಾತ್ರ, ಎದುರುಬದುರು. ಅಗಲ, ಹೊಳಪು. ಎಲೆಯ ಬುಡದಿಂದಲೇ ಮೂರರಿಂದ ಐದು ದಪ್ಪ ನರ ಹೊರಟು ತುದಿಯ ಕಡೆ ಬಾಗುತ್ತವೆ. ಹಾಲು ಬರುವುದಿಲ್ಲ. ಹಣ್ಣು ಕಿತ್ತಳೆ ಬಣ್ಣದ ಉಂಡೆ, ಒಳಗೆ ಬಿಲ್ಲೆಯ ಹಾಗೆ ಚಪ್ಪಟೆ ಬೀಜ. ಹೆಸರು ಸ್ಟ್ರಿಕ್ನಾಸ್ ನಕ್ಸ್-ವೊಮಿಕಾ.

“ಹಾಲು ಬಂದರೆ ಹಾಲೆ ಮರ” ಎಂದು ಮಾತ್ರ ತೀರ್ಮಾನಿಸಬೇಡಿ. ಅಪೊಸೈನೇಸಿಯಲ್ಲಿ ಹಾಲಿರುವ ವಿಷದ ಮರಗಳೂ ಇವೆ. ಹಳದಿ ಕಣಗಿಲೆ ಅಂಥದ್ದು. ಅಳಿವೆ ಬದಿಯಲ್ಲಿ ಬೆಳೆಯುವ ಸೆರ್ಬೆರಾ ಒಡೊಲ್ಲಮ್ ಇನ್ನೂ ಅಪಾಯದ್ದು. ಅದರ ಎಲೆಗಳು ಗೆಲ್ಲಿನ ತುದಿಯಲ್ಲಿ ಗುಂಪಾಗಿರುವುದರಿಂದ ಮೊದಲ ನೋಟಕ್ಕೆ ಚಕ್ರದ ಹಾಗೇ ಕಾಣುತ್ತದೆ. ಸರಿಯಾಗಿ ನೋಡಿದರೆ ಎಲೆಗಳು ಒಂದೊಂದಾಗಿ ಸುರುಳಿಯಲ್ಲಿ ಜೋಡಿಸಿರುತ್ತವೆ. ಕಷಾಯಕ್ಕೆ ಕೆತ್ತೆ ತರುವವರು ಅಮಾವಾಸ್ಯೆಗೆ ಮೊದಲೇ, ಹಗಲು ಹೊತ್ತಿನಲ್ಲಿ, ಮರ ಗೊತ್ತಿರುವ ಹಿರಿಯರನ್ನು ಕರೆದುಕೊಂಡು ಹೋಗಿ ಮರಕ್ಕೆ ಹಗ್ಗ ಕಟ್ಟಿ ಬನ್ನಿ. ಮೊಬೈಲಿನ ಉತ್ತರ ನಂಬಿ ಕತ್ತಲಲ್ಲಿ ಕೆತ್ತಬೇಡಿ. ಒಂದಿಷ್ಟೂ ಅನುಮಾನ ಇದ್ದರೆ ಆ ವರ್ಷ ಬಿಟ್ಟುಬಿಡಿ.

ಉಳಿದ ಕುಟುಂಬಗಳಿಗೂ ಇಂಥದ್ದೇ ಕೈಗೆ ಸಿಗುವ ಗುರುತುಗಳಿವೆ. ಕಾಂಡ ಚೌಕ, ಎಲೆ ಎದುರುಬದುರು, ತಿಕ್ಕಿದರೆ ಪರಿಮಳ ಇದ್ದರೆ ತುಳಸಿ, ಸಾಂಬ್ರಾಣಿ ಎಲೆಯ ಕುಟುಂಬವಾದ ಲೇಮಿಯೇಸಿ ಇರಬಹುದು. ಹೂವಿನ ನಡುವೆ ಕೇಸರಗಳೆಲ್ಲ ಕೂಡಿ ಕೊಳವೆಯಾಗಿದ್ದರೆ ದಾಸವಾಳ, ಬೆಂಡೆಯ ಮಾಲ್ವೇಸಿ. ಅಲಸಂಡೆಯಂಥ ಕೋಡು ಇದ್ದರೆ ಫ್ಯಾಬೇಸಿ. ಇಂಥ ಹತ್ತು ಕುಟುಂಬ ಕಲಿತರೆ ಮನೆ ಸುತ್ತಲಿನ ಎಷ್ಟೋ ಗಿಡಗಳನ್ನು ಸರಿಯಾದ ಗುಂಪಿಗೆ ಹಾಕಲು ಬರುತ್ತದೆ.

ಮೀನಿಗೆ ಬನ್ನಿ. ಬಂಗುಡೆಯ ಬೆನ್ನಿನ ಹಿಂಭಾಗದಲ್ಲಿ, ಬಾಲಕ್ಕೆ ಸ್ವಲ್ಪ ಮುಂದೆ, ಪುಟ್ಟ ಪುಟ್ಟ ಐದು ರೆಕ್ಕೆಗಳ ಸಾಲು ನೋಡಿದ್ದೀರಾ? ಕೆಳಗಡೆಯೂ ಹಾಗೇ ಐದು. ಅಂಜಲಿನಲ್ಲೂ ಈ ಸಾಲು ಇದೆ, ಸಂಖ್ಯೆ ಮಾತ್ರ ಜಾಸ್ತಿ. ಕೇದರದಲ್ಲೂ ಇದೆ. ಮೂರೂ ಸ್ಕಾಂಬ್ರಿಡೇ ಕುಟುಂಬ.

ಹೆಸರು ದಾರಿ ತಪ್ಪಿಸುವ ಮೀನೆಂದರೆ ಮಾಂಜಿ. ಬಿಳಿ ಮಾಂಜಿ, ಕಪ್ಪು ಮಾಂಜಿ ಅಣ್ಣ ತಮ್ಮಂದಿರ ಹಾಗೆ ಕಾಣುತ್ತವೆ. ಮೀನು ಮಾರುಕಟ್ಟೆಯಲ್ಲಿ ಕಪ್ಪು ಮಾಂಜಿಯ ಬಾಲದ ಬುಡದ ಪಕ್ಕದಲ್ಲಿ ಬೆರಳಾಡಿಸಿ ನೋಡಿ. ಗಟ್ಟಿ ಹುರುಪೆಗಳು ಸೇರಿ ಸಣ್ಣ ಏಣು ಆಗಿರುವುದು ಕೈಗೆ ಸಿಗುತ್ತದೆ. ಬಿಳಿ ಮಾಂಜಿಯಲ್ಲಿ ಅದು ಇಲ್ಲ. ಆ ಏಣು ಕರಾಂಜಿಡೇ ಕುಟುಂಬದ ಹಲವು ಮೀನುಗಳ ಗುರುತು. ಕಪ್ಪು ಮಾಂಜಿ, ಅಂದರೆ ಪಾರಾಸ್ಟ್ರೊಮೇಟಿಯಸ್ ನೈಗರ್, ಅದೇ ಕುಟುಂಬದ್ದು. ಬಿಳಿ ಮಾಂಜಿ ಸ್ಟ್ರೊಮೇಟಿಡೇ. ರೂಪ ಒಂದೇ ಥರ ಇದ್ದರೂ ನೆಂಟಸ್ತಿಕೆ ಬೇರೆ. ರೂಪ ನೋಡಿ ಗುಂಪು ಮಾಡಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ತಟ್ಟೆಯಲ್ಲಿ ಇನ್ನೊಂದಿಲ್ಲ.

ಹಂತ 4: ಪ್ರಭೇದಕ್ಕೆ ಇಳಿಯಿರಿ

ಇಲ್ಲಿ ಎರಡು ಸಾಧನ ಇವೆ. ಒಂದು, ಗುರುತಿನ ಕೀಲಿ. ಅದರಲ್ಲಿ ಪ್ರತಿ ಸಲವೂ ಎರಡು ಆಯ್ಕೆ ಕೊಟ್ಟಿರುತ್ತಾರೆ, ಒಂದನ್ನು ಆರಿಸುತ್ತಾ ಹೋದರೆ ಕೊನೆಗೆ ಹೆಸರು ಸಿಗುತ್ತದೆ. ಅಂಜಲ್ ಎಂದು ಮಾರುವ ಮೀನುಗಳಿಗೆ ಒಂದು ಪುಟ್ಟ ಕೀಲಿ ಹೀಗಿರುತ್ತದೆ: ಮೈಮೇಲೆ ಬೆನ್ನಿನಿಂದ ಹೊಟ್ಟೆಯ ಕಡೆಗೆ ಅಲೆಯಂಥ ಪಟ್ಟೆ ಇದ್ದು, ಪಕ್ಕದ ಗೆರೆ (ಮೈಯ ಬದಿಯಲ್ಲಿ ತಲೆಯಿಂದ ಬಾಲದವರೆಗೆ ಓಡುವ ಗೆರೆ) ಎರಡನೆಯ ಬೆನ್ನು ರೆಕ್ಕೆಯ ಹಿಂದೆ ಒಮ್ಮೆಲೇ ಕೆಳಗೆ ಬಾಗಿದರೆ ಸ್ಕಾಂಬೆರೊಮೊರಸ್ ಕಾಮರ್ಸನ್. ಪಟ್ಟೆ ಇಲ್ಲದೆ ದುಂಡು ಚುಕ್ಕೆಗಳ ಸಾಲಿದ್ದು, ಪಕ್ಕದ ಗೆರೆ ಬಾಲದ ಕಡೆ ನಿಧಾನವಾಗಿ ಇಳಿದರೆ ಸ್ಕಾಂಬೆರೊಮೊರಸ್ ಗಟ್ಟೇಟಸ್. ತುಂಡು ಮಾಡಿದ ಮೇಲೆ ಇದು ಯಾವುದೂ ನೋಡಲು ಸಿಗುವುದಿಲ್ಲ. ಕೊಯ್ಯಿಸುವ ಮೊದಲೇ ನೋಡಿಕೊಳ್ಳಿ.

ಎರಡನೆಯದು ಆ್ಯಪ್. ಗೂಗಲ್ ಲೆನ್ಸ್, ಐನ್ಯಾಚುರಲಿಸ್ಟ್, ಹಕ್ಕಿಗಳಿಗೆ ಮರ್ಲಿನ್. ಬಳಸಿ, ತಪ್ಪೇನಿಲ್ಲ. ಆದರೆ ಆ್ಯಪ್ ಕೊಡುವುದು ಸಲಹೆ, ಉತ್ತರ ಅಲ್ಲ. ಲೊಕೇಶನ್ ಕೊಡದೆ ಫೋಟೊ ಹಾಕಿದರೆ ಅಮೆರಿಕದಲ್ಲಿ ಮಾತ್ರ ಬೆಳೆಯುವ ಗಿಡದ ಹೆಸರೂ ಬರುತ್ತದೆ. ಮೊದಲ ಸಲಹೆಯನ್ನೇ ಒತ್ತಬೇಡಿ. ಹಂತ 3ರಲ್ಲಿ ನೀವು ಹಿಡಿದ ಕುಟುಂಬಕ್ಕೂ ಆ್ಯಪ್ ಹೇಳಿದ್ದಕ್ಕೂ ತಾಳೆ ಆಗುತ್ತದೆಯೇ ನೋಡಿ. ಆಗದಿದ್ದರೆ ಎರಡರಲ್ಲಿ ಒಂದು ತಪ್ಪು.

ಐನ್ಯಾಚುರಲಿಸ್ಟಿನಲ್ಲಿ ರಿಸರ್ಚ್ ಗ್ರೇಡ್ ಎಂಬ ಗುರುತು ಬಂದರೆ ತಜ್ಞರು ಖಾತ್ರಿ ಮಾಡಿದರು ಎಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ಗುರುತಿಸಿದವರಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ಜನ ಒಂದೇ ಹೆಸರು ಒಪ್ಪಿದ್ದಾರೆ ಎಂದಷ್ಟೇ ಅದರ ಅರ್ಥ. ಇಬ್ಬರೇ ಇದ್ದರೂ ಅದು ಬರಬಹುದು.

ಅಣಬೆಯ ವಿಷಯದಲ್ಲಿ ಖಡಾಖಂಡಿತವಾಗಿ ಹೇಳುತ್ತೇನೆ: ಫೋಟೊ, ಆ್ಯಪ್, ಈ ಲೇಖನ, ಯಾವುದನ್ನೂ ನಂಬಿ ಅಣಬೆ ತಿನ್ನಬೇಡಿ. ಮಳೆಗಾಲದ ಶುರುವಿಗೆ ಕಾರ್ಕಳ, ಉಡುಪಿ ಕಡೆ ಮಾರಾಟಕ್ಕೆ ಬರುವ ಕಲ್ಲಣಬೆ ಆಸ್ಟ್ರೇಯಸ್ ಎಂಬ ಕುಲದ್ದು. ಅದನ್ನು ಹೋಲುವ, ಹೊಟ್ಟೆ ಕೆಡಿಸುವ ಬೇರೆ ಉಂಡೆ ಅಣಬೆಗಳೂ ಮಣ್ಣಿನಲ್ಲಿ ಏಳುತ್ತವೆ.

ಕಲ್ಲಣಬೆ ಇನ್ನೊಂದು ಕಾರಣಕ್ಕೂ ಇಲ್ಲಿ ಬೇಕು. ಹಳೆಯ ಪಟ್ಟಿಗಳಲ್ಲಿ ಅದನ್ನು ಆಸ್ಟ್ರೇಯಸ್ ಹೈಗ್ರೊಮೆಟ್ರಿಕಸ್ ಎಂದು ಬರೆದಿರುತ್ತಾರೆ. ಏಷ್ಯಾದಲ್ಲಿ ಬೇರೆ ಪ್ರಭೇದಗಳೂ ಇವೆ ಎಂದು ಡಿಎನ್‌ಎ ಪರೀಕ್ಷೆಯಿಂದ ಆಮೇಲೆ ತಿಳಿಯಿತು. ಬರೀ ಕಣ್ಣಲ್ಲಿ ನೋಡಿ ಯಾವುದು ಎಂದು ಹೇಳುವುದು ಕಷ್ಟ. ಅಂಥಲ್ಲಿ ಕುಲದ ಹೆಸರಿನ ಮುಂದೆ ಎಸ್, ಪಿ ಎಂದು ಬರೆದು ಚುಕ್ಕೆ ಇಟ್ಟು ನಿಲ್ಲಿಸಿ. ಕುಲ ಇದು, ಪ್ರಭೇದ ಗೊತ್ತಾಗಿಲ್ಲ ಎಂದು ಅರ್ಥ. ಎಸ್, ಪಿ, ಪಿ ಎಂದು ಬರೆದರೆ ಆ ಕುಲದ ಒಂದಕ್ಕಿಂತ ಹೆಚ್ಚು ಪ್ರಭೇದಗಳು ಎಂದರ್ಥ. ಪ್ರಾಜೆಕ್ಟಿನಲ್ಲಿ ಹೀಗೆ ನಿಲ್ಲಿಸಿದರೆ ಅಂಕ ಹೋಗುತ್ತದೆ ಎಂದು ಹೆದರಿ ಏನೋ ಒಂದು ಹೆಸರು ತುಂಬಿಸುವ ಮಕ್ಕಳು ತುಂಬ. ಮೇಷ್ಟ್ರುಗಳಿಗೂ ನನ್ನ ವಿನಂತಿ, ಅಲ್ಲಿ ನಿಲ್ಲಿಸಿದ್ದಕ್ಕೆ ಅಂಕ ಕೊಡಿ.

ಹಂತ 5: ಹೆಸರು ಈಗಲೂ ಚಾಲ್ತಿಯಲ್ಲಿದೆಯೇ?

“ಪುಸ್ತಕದಲ್ಲಿ ಸಂಪಿಗೆಗೆ ಮಿಕೇಲಿಯಾ ಚಂಪಕಾ ಎಂದಿದೆ, ನೆಟ್‌ನಲ್ಲಿ ಮ್ಯಾಗ್ನೋಲಿಯಾ ಚಂಪಕಾ ಎಂದಿದೆ, ಯಾವುದು ಸರಿ?” ಇದು ಪದೇ ಪದೇ ಬರುವ ಪ್ರಶ್ನೆ. ಎರಡೂ ಒಂದೇ ಮರ. ಮಿಕೇಲಿಯಾ ಎಂಬ ಕುಲವನ್ನು ಮ್ಯಾಗ್ನೋಲಿಯಾದೊಳಗೆ ಸೇರಿಸಿದ್ದರಿಂದ ಮೊದಲ ಪದ ಬದಲಾಯಿತು, ಚಂಪಕಾ ಉಳಿಯಿತು. ಹಳೆಯದನ್ನು ಸಮಾನನಾಮ ಎನ್ನುತ್ತಾರೆ. ಅದು ತಪ್ಪಲ್ಲ, ಈಗ ಚಾಲ್ತಿಯಲ್ಲಿಲ್ಲ ಅಷ್ಟೇ.

ಹೆಸರು ಬದಲಾಗುವುದಕ್ಕೆ ಮುಖ್ಯ ಕಾರಣಗಳು ಎರಡು. ಒಂದು, ಸಂಪಿಗೆಯ ಹಾಗೆ ನೆಂಟಸ್ತಿಕೆ ಹೊಸದಾಗಿ ತಿಳಿಯುವುದು. ಇನ್ನೊಂದು, ಹಿರಿತನದ ನಿಯಮ. ಒಂದೇ ಜೀವಿಗೆ ಇಬ್ಬರು ಬೇರೆ ಬೇರೆ ಹೆಸರು ಇಟ್ಟಿದ್ದರೆ ಮೊದಲು ಪ್ರಕಟವಾದದ್ದಕ್ಕೆ ಮನ್ನಣೆ. ಎಲ್ಲಿಂದ ಲೆಕ್ಕ? ಸ್ವೀಡನ್ನಿನ ಕಾರ್ಲ್ ಲಿನೇಯಸ್ ಸಸ್ಯಗಳಿಗೆ ಎರಡು ಪದದ ಹೆಸರು ಕೊಟ್ಟು ಪುಸ್ತಕ ಮಾಡಿದ್ದು 1753ರಲ್ಲಿ. ಪ್ರಾಣಿಗಳಿಗೆ ಅದೇ ಕ್ರಮ ತಂದ ಪುಸ್ತಕ 1758ರದ್ದು. ಸಸ್ಯ, ಪ್ರಾಣಿಗಳ ಹೆಸರಿನ ಹಿರಿತನ ಈ ಎರಡು ವರ್ಷಗಳಿಂದ ಶುರುವಾಗುತ್ತದೆ. ಅದಕ್ಕೂ ಹಿಂದಿನ ಹೆಸರುಗಳು ಲೆಕ್ಕಕ್ಕಿಲ್ಲ.

ಒಂದು ಪ್ರಭೇದ ಎಂದುಕೊಂಡದ್ದು ಎರಡು ಎಂದು ಗೊತ್ತಾದಾಗಲೂ ಹೆಸರು ಬದಲಾಗುತ್ತದೆ. ಬಿಳಿ ಮಾಂಜಿಯನ್ನು ಬಹಳ ಕಾಲ ಪಾಂಪಸ್ ಅರ್ಜೆಂಟಿಯಸ್ ಎನ್ನುತ್ತಿದ್ದರು. ನಮ್ಮ ಕಡಲಿನದು ಪಾಂಪಸ್ ಕ್ಯಾಂಡಿಡಸ್ ಎಂದು ಈಚಿನ ಡಿಎನ್‌ಎ ಅಧ್ಯಯನಗಳು ಹೇಳುತ್ತವೆ.

ಪರೀಕ್ಷಿಸುವುದು ಸುಲಭ. ಗಿಡಕ್ಕೆ ಪ್ಲಾಂಟ್ಸ್ ಆಫ್ ದಿ ವರ್ಲ್ಡ್ ಆನ್‌ಲೈನ್, ಇದು ಲಂಡನ್ನಿನ ಕ್ಯೂ ಸಸ್ಯೋದ್ಯಾನದವರದ್ದು. ಕಡಲ ಜೀವಿಗೆ ವರ್ಲ್ಡ್ ರಿಜಿಸ್ಟರ್ ಆಫ್ ಮರೀನ್ ಸ್ಪೀಶೀಸ್. ಮೀನಿಗೆ ಫಿಶ್‌ಬೇಸ್ ಕೂಡ ಇದೆ. ಹೆಸರು ಹಾಕಿದರೆ ಚಾಲ್ತಿಯ ಹೆಸರು, ಹಳೆಯ ಹೆಸರು ಎರಡೂ ತೋರಿಸುತ್ತದೆ. ಬರೆದುಕೊಳ್ಳುವಾಗ ಎರಡನ್ನೂ ಬರೆಯಿರಿ, ಯಾವ ದಿನ ನೋಡಿದಿರಿ ಎಂದೂ ಬರೆಯಿರಿ.

ಹಂತ 6: ಬರೆಯುವ ಕ್ರಮ

ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಕುಲದ ಹೆಸರಿನ ಮೊದಲ ಅಕ್ಷರ ದೊಡ್ಡದು. ಎರಡನೆಯ ಪದ ಪೂರ್ತಿ ಸಣ್ಣ ಅಕ್ಷರದಲ್ಲಿ, ಅದು ಊರಿನ ಹೆಸರಿನಿಂದ ಬಂದಿದ್ದರೂ ಸರಿ. ಮಾವಿನ ಹೆಸರು ಮ್ಯಾಂಜಿಫೆರಾ ಇಂಡಿಕಾ, ಅದರಲ್ಲಿ ಇಂಡಿಕಾದ ಐ ಸಣ್ಣದೇ ಇರಬೇಕು. ಎರಡೂ ಪದ ಓರೆ ಅಕ್ಷರದಲ್ಲಿ. ಕೈಯಲ್ಲಿ ಬರೆಯುವುದಾದರೆ ಎರಡು ಪದಕ್ಕೂ ಬೇರೆ ಬೇರೆ ಅಡಿಗೆರೆ, ಒಂದೇ ಉದ್ದ ಗೆರೆ ಎಳೆಯಬೇಡಿ. ಕುಟುಂಬದ ಹೆಸರಿಗೆ ಮೊದಲ ಅಕ್ಷರ ದೊಡ್ಡದು, ಸಾಮಾನ್ಯವಾಗಿ ಓರೆ ಬೇಡ.

ಕನ್ನಡದಲ್ಲಿ ಬರೆಯುವಾಗ ದೊಡ್ಡಕ್ಷರ ಸಣ್ಣಕ್ಷರದ ತಾಪತ್ರಯ ಇಲ್ಲ. ಆದರೆ ಬೋರ್ಡು, ವರದಿಗಳಲ್ಲಿ ಕನ್ನಡದ ಜೊತೆ ಮೂಲ ಕಾಗುಣಿತವನ್ನೂ ಹಾಕಿ. ಅದನ್ನು ನೆನಪಿನಿಂದ ಬರೆಯದೆ ಮೇಲೆ ಹೇಳಿದ ತಾಣಗಳಿಂದಲೇ ಕಾಪಿ 
ಮಾಡಿ. ಒಂದು ಅಕ್ಷರ ತಪ್ಪಿದರೂ ಹುಡುಕುವವರಿಗೆ ಸಿಗುವುದಿಲ್ಲ.

ವೈಜ್ಞಾನಿಕ ಹೆಸರಿನ ಮುಂದೆ, ಅಂದರೆ ಅದು ಮುಗಿದ ಮೇಲೆ, ಬರುವ ವ್ಯಕ್ತಿಯ ಹೆಸರು ಮತ್ತು ಆವರಣ ಚಿಹ್ನೆ ಏನು ಎಂದು ತುಂಬ ಮಂದಿ ಕೇಳುತ್ತಾರೆ. ಬೂತಾಯಿಯ ಹೆಸರಿನ ಮುಂದೆ “ವಾಲೆನ್ಸಿಯೆನ್, 1847” ಎಂದಿರುತ್ತದೆ. ಅವರು ಆ ವರ್ಷ ಹೆಸರಿಟ್ಟರು, ಇಟ್ಟ ಕುಲ ಈಗಲೂ ಅದೇ ಇದೆ. ಬಂಗುಡೆ ರಾಸ್ಟ್ರೆಲ್ಲಿಗರ್ ಕನಗುರ್ತ. ಅದರ ಮುಂದೆ “(ಕ್ಯೂವಿಯೆ, 1816)” ಎಂದು ಆವರಣದಲ್ಲಿ ಇರುತ್ತದೆ. ಕ್ಯೂವಿಯೆ ಅದನ್ನು ಸ್ಕಾಂಬರ್ ಎಂಬ ಕುಲದಲ್ಲಿ ಇಟ್ಟಿದ್ದರು, ಆಮೇಲೆ ಕುಲ ಬದಲಾಯಿತು. ಆವರಣ ಹೇಳುವುದು ಅಷ್ಟನ್ನೇ. ಅಂದಹಾಗೆ ಕನಗುರ್ತ ಎನ್ನುವುದು ತೆಲುಗು ಮೀನುಗಾರರ ಮಾತು, ವಿಶಾಖಪಟ್ಟಣದ ಮೀನುಗಳ ಮೇಲೆ ಬಂದ ಬರಹದಿಂದ ವಿಜ್ಞಾನಕ್ಕೆ ಹೋಯಿತು.

ಸಸ್ಯಗಳಲ್ಲಿ ಸ್ವಲ್ಪ ಬೇರೆ. ಮೊದಲು ಹೆಸರಿಟ್ಟವರು ಆವರಣದೊಳಗೆ, ಕುಲ ಬದಲಿಸಿದವರು ಹೊರಗೆ. ಹಾಲೆ ಮರಕ್ಕೆ 1767ರಲ್ಲಿ ಲಿನೇಯಸ್ ಎಕೈಟಿಸ್ ಸ್ಕೊಲಾರಿಸ್ ಎಂದು ಹೆಸರಿಟ್ಟರು. ರಾಬರ್ಟ್ ಬ್ರೌನ್ ಅದನ್ನು ಆಲ್ಸ್ಟೋನಿಯಾ ಕುಲಕ್ಕೆ ತಂದರು. ಹಾಗಾಗಿ ಆಲ್ಸ್ಟೋನಿಯಾ ಸ್ಕೊಲಾರಿಸ್, ಆವರಣದೊಳಗೆ ಲಿನೇಯಸರ ಎಲ್, ಹೊರಗೆ ಬ್ರೌನರ ಹೆಸರು. ಸ್ಕೊಲಾರಿಸ್ ಎಂದದ್ದು ಇದರ ಮರದಿಂದ ಶಾಲೆ ಮಕ್ಕಳ ಬರೆಯುವ ಹಲಗೆ ಮಾಡುತ್ತಿದ್ದರು ಎಂದು.

ಪ್ರಾಣಿಗಳಲ್ಲಿ ಎರಡೂ ಪದ ಒಂದೇ ಇರಬಹುದು. ನಾಗರಹಾವು ನಾಜಾ ನಾಜಾ. ಸಸ್ಯಗಳ ನಿಯಮ ಇದನ್ನು ಒಪ್ಪುವುದಿಲ್ಲ. ಎರಡಕ್ಕೂ ನಿಯಮ ಪುಸ್ತಕಗಳೇ ಬೇರೆ ಬೇರೆ.

ತಳಿ ಮತ್ತು ಪ್ರಭೇದ ಬೆರೆಸಬೇಡಿ. ಮಟ್ಟುಗುಳ್ಳಕ್ಕೆ ಬೇರೆ ವೈಜ್ಞಾನಿಕ ಹೆಸರು ಇಲ್ಲ. ಅದು ಬದನೆಯದ್ದೇ, ಸೊಲಾನಮ್ ಮೆಲಾಂಜೆನಾ. ಉಡುಪಿ ಮಲ್ಲಿಗೆ ಜಾಸ್ಮಿನಮ್ ಸಂಬಕ್. ಪ್ರಭೇದದ ಹೆಸರು ಬರೆದು, ತಳಿಯ ಹೆಸರನ್ನು ಓರೆ ಮಾಡದೆ ಪಕ್ಕದಲ್ಲಿ ಬರೆಯಿರಿ.

ಹಂತ 7: ಎಲ್ಲೂ ಸಿಗದಿದ್ದರೆ?

ಮೊದಲು ಹಂತ 2ಕ್ಕೆ ವಾಪಸ್ ಹೋಗಿ. ಸಿಗದಿರಲು ಹೆಚ್ಚಿನ ಸಲ ಕಾರಣ ಫೋಟೊ ಸಾಲದಿರುವುದು ಅಥವಾ ಹೂವು, ಕಾಯಿ ಇಲ್ಲದ ಹೊತ್ತಿನಲ್ಲಿ ನೋಡಿರುವುದು. ಹೂಬಿಡುವ ಕಾಲಕ್ಕೆ ಕಾಯಿರಿ.

ಆಮೇಲೆ ಜನರನ್ನು ಕೇಳಿ. ಗಿಡವಾದರೆ ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗ. ಪಶ್ಚಿಮ ಘಟ್ಟದ ಮರಗಳನ್ನು ಹತ್ತಿರದಿಂದ ನೋಡಿ ಕಲಿಯಲು ಪಿಲಿಕುಳದ ಸಸ್ಯೋದ್ಯಾನ ಒಳ್ಳೆಯ ಜಾಗ. ಮೀನಿಗೆ ಮಂಗಳೂರಿನಲ್ಲೇ ಎರಡು ಸಂಸ್ಥೆ ಇವೆ: ಕಂಕನಾಡಿ ಬಳಿಯ ಮೀನುಗಾರಿಕಾ ಕಾಲೇಜು, ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ. ಕೇಳುವಾಗ ಫೋಟೊ, ಜಾಗ, ತಾರೀಕು, ನೀವು ಹಿಡಿದ ಕುಟುಂಬ, ಎಲ್ಲಿ ಸಿಕ್ಕಿಹಾಕಿಕೊಂಡಿರಿ ಎನ್ನುವುದು, ಇಷ್ಟೂ ಇರಲಿ. ಸುಮ್ನೆ ಫೋಟೊ ಕಳಿಸಿ ಹೆಸರು ಹೇಳಿ ಎಂದರೆ ಉತ್ತರ ಬರುವುದು ಕಷ್ಟ.

ಹೊಸ ಪ್ರಭೇದವೇ ಇರಬಹುದಾ? ಇರಬಹುದು, ನಮ್ಮೂರಲ್ಲೇ ಆಗಿದೆ. 2009ರಲ್ಲಿ ವಿಜ್ಞಾನಿಗಳು ಒಂದು ಕಪ್ಪೆಗೆ ಅಲೋಶಿಯೈ ಎಂದು ಹೆಸರಿಟ್ಟರು, ಅದು ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ನೆನಪಿಗೆ. 2016ರಲ್ಲಿ ಕರ್ನಾಟಕದ ಕರಾವಳಿಯ ಕಪ್ಪೆಯೊಂದಕ್ಕೆ ಕರಾವಳಿ ಎಂಬ ಹೆಸರೇ ಬಂತು. 2018ರಲ್ಲಿ ಮಂಗಳೂರು ನಗರದೊಳಗೇ ಸಿಕ್ಕ ಪುಟ್ಟ ಕಪ್ಪೆ ಮೈಕ್ರೊಹೈಲಾ ಕೊಡಿಯಾಲ್ ಆಯಿತು. ಕೊಡಿಯಾಲ್ ಎಂದರೆ ಕೊಂಕಣಿಯಲ್ಲಿ ಮಂಗಳೂರು. ಅದು ಸಿಕ್ಕಿದ್ದು ಕಾಡಿನಲ್ಲಿ ಅಲ್ಲ, ಕೈಗಾರಿಕಾ ಪ್ರದೇಶದಲ್ಲಿ.

ಹೊಸ ಹೆಸರು ಇಡುವುದಕ್ಕೆ ಕಟ್ಟುನಿಟ್ಟಿನ ಕ್ರಮ ಇದೆ. ಪತ್ರಿಕಾ ಹೇಳಿಕೆ ಕೊಟ್ಟರೆ ಆಗುವುದಿಲ್ಲ. ಹತ್ತಿರದ ಎಲ್ಲ ಪ್ರಭೇದಗಳ ಜೊತೆ ಹೋಲಿಸಬೇಕು, ಬೇರೆ ಯಾಕೆ ಎಂದು ತೋರಿಸಬೇಕು, ವೈಜ್ಞಾನಿಕ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಜೊತೆಗೆ ಒಂದು ಮಾದರಿಯನ್ನು ಆರಿಸಿ ಸಂಗ್ರಹಾಲಯದಲ್ಲಿ ಕಾದಿಡಬೇಕು, ಅದನ್ನು ಮೂಲಮಾದರಿ ಎನ್ನುತ್ತಾರೆ. ಹೆಸರು ಅಂಟಿಕೊಂಡಿರುವುದು ಆ ಮಾದರಿಗೆ. ನೂರು ವರ್ಷದ ಮೇಲೆ ಯಾರಿಗಾದರೂ ಅನುಮಾನ ಬಂದರೆ ಹೋಗಿ ನೋಡುವುದು ಅದನ್ನೇ. ಇನ್ನು, ತಮ್ಮ ಹೆಸರನ್ನು ತಾವೇ ಇಟ್ಟುಕೊಳ್ಳುವ ರೂಢಿ ವಿಜ್ಞಾನಿಗಳಲ್ಲಿ ಇಲ್ಲ.

ನಿಮಗೆ ಅಂಥ ಅನುಮಾನ ಬಂದರೆ ಮಾದರಿ ಹಿಡಿಯಲು ಹೋಗಬೇಡಿ, ಅದಕ್ಕೆ ಅನುಮತಿ ಬೇಕಾಗುತ್ತದೆ. ಕಪ್ಪೆಯಾದರೆ ಫೋನಿನಲ್ಲಿ ಅದರ ಕೂಗು ರೆಕಾರ್ಡ್ ಮಾಡಿ. ಬೆನ್ನು, ಪಕ್ಕ, ಕಂಡರೆ ಕಾಲ್ಬೆರಳು, ಇವುಗಳ ಫೋಟೊ ತೆಗೆದು, ಜಾಗ ಮತ್ತು ಹೊತ್ತು ಬರೆದು, ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಕಳಿಸಿ. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೂ ಹಾಕಬಹುದು. ಅಪರೂಪದ ಜೀವಿ ಎಂದು ಗೊತ್ತಾದರೆ ಅದು ಸಿಕ್ಕ ಜಾಗವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ, ಹಿಡಿದು ಮಾರುವವರೂ ಅದನ್ನು ಓದುತ್ತಾರೆ.